ಮೂಲೆಮನೆಯ ಪರದೆ

ಕೀಲಿಕೈ ಕೊಡುವ ದಿನವೇ ಬೆಳಗಿನ ಜಾವದಿಂದ ಮಳೆ ಸುರಿದು ಬಿಲ್ಡರ್ ಯಜಮಾನರ ಮಾನ ತೆಗೆಯಿತು. ಹೊಸ ಬಡಾವಣೆಯ ಮೂಲೆಮನೆ ಕೊಂಡಿದ್ದ ನರ್ಸ್, ತನ್ನ ಬಾಗಿಲ ಮುಂದೆ ಪಾದ ಮುಳುಗುವ ನೀರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಳು.

ಯಜಮಾನರ ಎಂಜಿನಿಯರ್ ಮಗಳು, ಚರಂಡಿ ಆಳ ಮಾಡಿಸಿದರೆ ಸರಿಹೋಗುತ್ತದೆ, ಮಳೆಗಾಲ ಕಳೆಯಲಿ ಎಂದು ನರ್ಸನ್ನು ಸಮಾಧಾನ ಮಾಡಿದಳು.

"ಅಲ್ಲೀವರೆಗೆ ಇವರು ದೋಣೀಲಿ ಓಡಾಡ್ಬೇಕಾ?" ಅಂದರು ಯಜಮಾನರು. "ಇಳಿಜಾರು ಅಳೆದೋನು ನಾನು, ತಪ್ಪು ನಂದು. ಪಾರ್ಕಿನ ಎದುರು ಮನೆ ಇವರಿಗೆ ಕೊಟ್ಬಿಡು."

ಮಗಳ ಮುಖ ಸಪ್ಪಗಾಯಿತು. ಅದು ಅಮ್ಮನಿಗೆಂದು ಇಟ್ಟ ಮನೆ. ಬಯಲುಗಳನ್ನು ಬಡಾವಣೆ ಮಾಡುತ್ತಲೇ ತಲೆ ಹಣ್ಣಾದ ಈ ಮನುಷ್ಯನದೊಂದು ಹಟವಿತ್ತು. ತಾನು ಕಟ್ಟಿದ್ದರಲ್ಲಿ ಐಬು ಬಂದ ಮನೆಯನ್ನು ತಾನೇ ಇಟ್ಟುಕೊಂಡು, ಐಬು ಹೋಗುವವರೆಗೆ ಹೆಂಡತಿ ಸಮೇತ ಅಲ್ಲೇ ಸಂಸಾರ ಹೂಡುವುದು. ಸೋರುವ ತಾರಸಿ, ಹೊಗೆ ಹೋಗದ ಅಡುಗೆಮನೆ, ಎಲ್ಲವನ್ನೂ ಆ ತಾಯಿ ಕಂಡಿದ್ದಳು. ಮೊಣಕಾಲು ಹಿಡಿದುಕೊಂಡ ಮೇಲೆ ಕೂತು ಮರ ನೋಡುವಂಥ ಒಂದು ಮನೆ ಕೇಳಿದ್ದಳು. ಇದೇ ಕೊನೆಯ ಬಡಾವಣೆ, ಪಾರ್ಕಿನ ಎದುರಿನದು ನಿನಗೇ ಎಂದು ಯಜಮಾನರು ಮಾತು ಕೊಟ್ಟಿದ್ದರು.

ಮೇಸ್ತ್ರಿಗಳನ್ನು ಒಂದೇ ಗದರಿಕೆಗೆ ನಡುಗಿಸುವವರು, ಸಂಜೆ ಸೈಟ್ ಆಫೀಸಿನ ಹಿಂದಿದ್ದ ಬಿಡಾರದ ಬಾಗಿಲಲ್ಲಿ ಕೊಡೆ ಮಡಚುತ್ತಾ ಬಿಚ್ಚುತ್ತಾ ನಿಂತರು. ಕಡೆಗೆ ಹೇಗೋ ಬಾಯಿಬಿಟ್ಟರು. ಹೆಂಡತಿ ಬೈದಳು, ಬೈಯದೆ ಇನ್ನೇನು? ಕೊಟ್ಟ ಮಾತನ್ನೆಲ್ಲ ಎತ್ತಿ ಆಡಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಹೊಲಿಗೆ ಮಷೀನಿನ ಮೇಲಿದ್ದ ಹೊಸ ಪರದೆಗಳನ್ನು ಮಡಚಿ ಅವರ ಕೈಗಿಟ್ಟಳು.

ಮರುದಿನ ಮೂಲೆಮನೆಯಲ್ಲಿ ಅವನ್ನು ನೇತುಹಾಕುತ್ತಿದ್ದ ಯಜಮಾನರು ಸ್ಟೂಲಿನ ಮೇಲೆ ಹಾಗೇ ನಿಂತುಬಿಟ್ಟರು. ಪಾರ್ಕಿನ ಎದುರು ಮನೆಗೆ ಇಟ್ಟಿದ್ದು ದೊಡ್ಡ ಕಿಟಕಿಗಳು. ಈ ಪರದೆ ಇಲ್ಲಿನ ಸಣ್ಣ ಕಿಟಕಿಗೆ ಹೇಳಿ ಹೊಲಿಸಿದ ಹಾಗೆ ಕೂತಿತ್ತು.

"ಆ ಮೊಣಕಾಲಲ್ಲಿ ಇಲ್ಲೀವರೆಗೆ ಬಂದು ಅಳತೆ ಯಾವಾಗ ತಗೊಂಡೆ?"

"ನಿನ್ನೆ ಬೆಳಿಗ್ಗೆ, ಆ ನರ್ಸಮ್ಮ ಬರೋಕ್ಕೆ ಮುಂಚೆ," ಎಂದಳು ಹೆಂಡತಿ, ಇನ್ನೊಂದು ಪರದೆ ಬಿಡಿಸುತ್ತಾ. "ಬಾಗಿಲಲ್ಲಿ ನೀರು ನಿಂತಿದ್ದು ನೋಡ್ದೆ. ನಿಮ್ಮನ್ನಂತೂ ಮದುವೆ ಆದಾಗಿಂದ ನೋಡ್ತಾ ಇದ್ದೀನಿ."