ಬಿಚ್ಚದ ಮುಷ್ಟಿ

ವೈರ್ ಸುಟ್ಟ ವಾಸನೆ ಬಂದರೆ ಈಗಲೂ ನನ್ನ ದವಡೆ ತಾನಾಗಿಯೇ ಬಿಗಿಯುತ್ತದೆ.

ಶಹಾಡ್ ಊರಿನ ನಮ್ಮ ಸಾಲುಮನೆಗಳ ಚಾಳಿನಲ್ಲಿ ಆ ಮಧ್ಯಾಹ್ನ ಅವ್ವ ಒದ್ದೆ ಸೀರೆ ಹರವಲು ಕಬ್ಬಿಣದ ತಂತಿ ಹಿಡಿದಿದ್ದಳು. ಪಕ್ಕದ ಮನೆಯ ಶಾಂತಾ ಮೌಶಿ, ವೈರ್‌ಮನ್ ಗಂಡನನ್ನು ಕಳೆದುಕೊಂಡವಳು, ಓಡಿಬಂದು ಬಟ್ಟೆ ಬಡಿಯುವ ಕಟ್ಟಿಗೆಯಿಂದ ಅವ್ವನ ಮುಂಗೈಗೆ ಬಾರಿಸತೊಡಗಿದಳು. ಅವ್ವ ಹಲ್ಲು ಕಚ್ಚಿ ನಡುಗುತ್ತಿದ್ದಳು, ಕೂಗಲಿಲ್ಲ. ಆಗಿನ್ನೂ ಮಗುವಾಗಿದ್ದ ನಾನು ಹಾರಿ ಮೌಶಿಯ ಎಡತೋಳು ಕಚ್ಚಿದೆ. ಬಾಯಿಗೆ ಉಪ್ಪುಪ್ಪು ರಕ್ತ ಬಂತು. ಅವಳು ನನ್ನನ್ನು ಕೊಡವಲಿಲ್ಲ, ಬಡಿಯುತ್ತಲೇ ಇದ್ದಳು. ಅವ್ವನ ಕೈಯ ಎಲುಬು ಲಟಕ್ಕೆಂದಿತು, ಮುಷ್ಟಿಯಿಂದ ತಂತಿ ಜಾರಿತು, ಅವ್ವ ನೆಲಕ್ಕೆ ಬಿದ್ದು ಉಸಿರೆಳೆದಳು. ಅವಳ ಅಂಗೈಗೆ ಅಡ್ಡಲಾಗಿ ಸುಟ್ಟ ಕಪ್ಪು ಗೆರೆ ಮೂಡಿತ್ತು.

"ತಂತಿಗೆ ಕರೆಂಟ ಹೊಕ್ಕಿತ್ತವ್ವ," ಎಂದಳು ಮೌಶಿ ನನಗೆ, ಏದುಸಿರಿನಲ್ಲಿ. "ಕೈಯಾನ ಖಂಡ ಎಲ್ಲಾ ಜಗ್ಗಿ ಮುಷ್ಟಿ ಬಿಗಿತಾವ. ಬೆರಳು ಮಡಚೂ ಖಂಡದ ಜೋರು ಬಿಚ್ಚೂ ಖಂಡಕ್ಕಿಲ್ಲ. ನಿಮ್ಮವ್ವಗ ಬಿಡಬೇಕಂದ್ರೂ ಬಿಡಾಕ ಆಗಂಗಿಲ್ಲ."

ನನ್ನ ಹಲ್ಲುಗಳು ಅವಳ ತೋಳಿನಲ್ಲಿ ಇನ್ನೂ ನೆಟ್ಟಿದ್ದವು. ಕಿವಿಯ ಕೆಳಗೆ ಗಂಟು ಕಟ್ಟಿದ್ದ ನನ್ನ ದವಡೆಯನ್ನು ಹೆಬ್ಬೆರಳಿನಿಂದ ತಿಕ್ಕಿ, ಮೆಲ್ಲಗೆ ಬಿಡಿಸಿದಳು.

"ನಮ್ಮ ಮನಿಯವರಿಗೆ ಕರೆಂಟ ಹಿಡದಾಗ ಎಲ್ಲಾರೂ ನಿಂತು ನೋಡಿದ್ರು," ಎಂದಳು. "ಒಬ್ಬರೂ ಹೊಡೀಲಿಲ್ಲ."