ದಾಟುವವರ ಲೆಕ್ಕ

ಹಸಿರು ಟೋಪಿಯವನು ಮತ್ತೆ ಬಂದ.

ಎಣಿಕೆಯಾಕೆ ಕೊಡೆಯ ಕೆಳಗಿನ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಇವನು ಈಗಷ್ಟೇ ಬ್ಯಾಂಕಿನ ಮೂಲೆಯಿಂದ ಔಷಧದಂಗಡಿಗೆ ದಾಟಿದ್ದ. ಅಲ್ಲಿಂದ ಪೆಟ್ರೋಲ್ ಬಂಕಿಗೆ ದಾಟಿದ್ದ. ಈಗ ಟೋಪಿಯನ್ನು ಹಿಂದುಮುಂದು ತಿರುಗಿಸಿಕೊಂಡು, ಏನೂ ಅರಿಯದ ಹಸುಳೆಯಂತೆ ಮತ್ತೆ ಬ್ಯಾಂಕಿನ ಕಡೆಗೇ ಹೊರಟಿದ್ದಾನೆ. ಕಳ್ಳನಲ್ಲದೆ ಇನ್ಯಾರು ಬ್ಯಾಂಕಿನ ಸುತ್ತ ಹೀಗೆ ಗಿರಕಿ ಹೊಡೆಯುತ್ತಾರೆ?

ಅವಳ ಹೆಬ್ಬೆರಳು ಅಭ್ಯಾಸಬಲದಿಂದ ಎಣಿಕೆ ಯಂತ್ರದ ಗುಂಡಿಯನ್ನು ಒತ್ತಿಬಿಟ್ಟಿತು. ಕಳ್ಳನಾದರೇನು, ಪಾದಚಾರಿ ತಾನೆ.

ಕೆಲಸವೇನೋ ಸರಳ. ನಾಲ್ಕು ರಸ್ತೆ ಸೇರುವ ಈ ಜಂಕ್ಷನ್ನಿನಲ್ಲಿ ನಡೆದು ದಾಟುವವರೆಷ್ಟು ಎಂದು ಎಣಿಸಬೇಕು. ಸಾಕಷ್ಟು ಜನ ದಾಟಿದರೆ ಪಾದಚಾರಿಗಳಿಗೆ ಮೇಲುಸೇತುವೆ ಬರುತ್ತದೆ. ಸೇತುವೆ ಬಂದರೆ ಅವಳ ಹಂಗಾಮಿ ಕೆಲಸ ಕಾಯಂ ಆಗುತ್ತದೆ ಎಂದು ಕಚೇರಿಯ ಸಾಹೇಬರು ಬಾಯಿಬಿಟ್ಟು ಹೇಳಿದ್ದರು. ಅತ್ತೆಯಂತೂ ಅಷ್ಟಕ್ಕೂ ಕಾಯದೆ, ಸೊಸೆ ಕಾಯಂ ಆದಳೆಂದು ನೆಂಟರಿಗೆಲ್ಲ ಫೋನ್ ಮಾಡಿ ಡಂಗುರ ಸಾರಿದ್ದಳು. ಇನ್ನು ಆಗದೆ ಹೋದರೆ ಸೊಸೆ ಆ ಮನೆಯಲ್ಲಿ ತಲೆ ಎತ್ತಿ ಓಡಾಡುವಂತಿರಲಿಲ್ಲ.

ಜಂಕ್ಷನ್ನೋ, ಕಟ್ಟಿದವರಿಗೇ ಪ್ರೀತಿ. ಸಿಗ್ನಲ್ಲಿನ ಹಸಿರು ಮನುಷ್ಯ ಕಣ್ಣು ಬಿಡುವಷ್ಟರಲ್ಲಿ ಕೆಂಪಾಗುತ್ತಿದ್ದ. ಬಿಳಿಪಟ್ಟೆ ಇರುವುದು ತಾವು ನಿಲ್ಲಲೆಂದೇ ಎಂದು ಬಸ್ಸುಗಳು ನಂಬಿದ್ದವು. ಸ್ಕೂಟರುಗಳು ಫುಟ್‌ಪಾತನ್ನು ಎಂದೋ ಆಕ್ರಮಿಸಿಕೊಂಡಾಗಿತ್ತು. ಕಣ್ಣೆದುರಿಗೇ ಇರುವ ಔಷಧದಂಗಡಿಗೆ ಹೋಗಲು ಬ್ಯಾಂಕಿನ ಮ್ಯಾನೇಜರು ಆಟೋ ಹತ್ತುವುದನ್ನು ಅವಳೇ ನೋಡಿದ್ದಳು. "ಕೂತ್ಕೊಂಡು ಎಣಿಸು. ದಾಟೋಕೆ ಮಾತ್ರ ಹೋಗ್ಬೇಡ," ಎಂದು ಅವಳ ಗಂಡ ಮೊದಲ ದಿನವೇ ಆಣೆ ಮಾಡಿಸಿಕೊಂಡಿದ್ದ.

ಆದರೂ ಜನ ದಾಟುತ್ತಿದ್ದರು. ಜೀವವನ್ನು ಅಂಗೈಯಲ್ಲಿ ಹಿಡಿದುಕೊಂಡು ದಂಡುದಂಡಾಗಿ ದಾಟುತ್ತಿದ್ದರು. ಅವರನ್ನು ಕಂಡರೆ ಅವಳಿಗೆ ಹೆಮ್ಮೆ. ದಿನವೂ ನಡುರಸ್ತೆಯಲ್ಲೇ ಜಗಳ ತೆಗೆಯುವ ಗಂಡ ಹೆಂಡತಿ. ಖಾಲಿ ಚೀಲ ಒಯ್ದು ಖಾಲಿ ಚೀಲವನ್ನೇ ವಾಪಸು ತರುವ ಜುಗ್ಗ ಅಜ್ಜ. ಅವಳು ಈ ಕೆಲಸಕ್ಕೆ ಬಂದಾಗಲೇ ದಿನ ತುಂಬಿದಂತಿದ್ದ ಬಸುರಿ. ಪಾಪ, ಇನ್ನೂ ನಡೆಯುತ್ತಲೇ ಇದ್ದಳು. ಹೊತ್ತಿಗೆ ಸರಿಯಾಗಿ ಬರುವ, ಲಾರಿಗೂ ಜಗ್ಗದ ಜನ. ನೋಡಿ ನೋಡಿ ಅವರೆಲ್ಲ ಅವಳಿಗೆ ಮನೆಯವರಂತಾಗಿದ್ದರು. ಇಂಥವರ ಸಾಚಾ ಹೆಜ್ಜೆಗಳ ನಡುವೆ ಇವನೊಬ್ಬನ ಕಳ್ಳಹೆಜ್ಜೆ ಸೇರಿ ಲೆಕ್ಕವೇ ಕೆಟ್ಟರೆ?

ಅವಳು ಮರದ ನೆರಳಲ್ಲಿ ಚಹಾ ಹೀರುತ್ತಿದ್ದ ಕಾನ್‌ಸ್ಟೇಬಲ್‌ನನ್ನು ಕೈಬೀಸಿ ಕರೆದಳು. ಅವನು ಬೇಡದ ಮನಸ್ಸಿನಿಂದ ಎದ್ದು ಬಂದು ಟೋಪಿಯವನ ಕೊರಳಪಟ್ಟಿ ಹಿಡಿದ.

"ಬ್ಯಾಂಕಿಗೆ ಹೊಂಚು ಹಾಕ್ತಿದಾನೆ ಇವನು," ಎಂದಳು ಅವಳು.

"ಅಯ್ಯೋ, ಬ್ಯಾಂಕಿನ ಬಾಗಿಲು ಯಾವ ಕಡೆಗಿದೆ ಅಂತಲೂ ಗೊತ್ತಿಲ್ಲ ಮೇಡಂ! ನಡೆಯೋದೇ ನನ್ನ ಕೆಲಸ."

"ಎಲ್ಲರೂ ನಡೀತಾರೆ."

"ನಂಗೆ ಅದಕ್ಕೆ ಕೂಲಿ ಕೊಡ್ತಾರೆ."

ಗದರಿಸಿದಾಗ ಪೂರ್ತಿ ಬಾಯಿಬಿಟ್ಟ. ಸೇತುವೆ ಕಟ್ಟಲು ತುದಿಗಾಲಲ್ಲಿ ನಿಂತಿದ್ದ ಗುತ್ತಿಗೆದಾರನೇ ಇವನನ್ನು ನೇಮಿಸಿದ್ದ. ದಾಟುವವರ ಲೆಕ್ಕ ಏರಬೇಕು, ಅಷ್ಟೇ. ಅವಳ ಮೈ ಉರಿದುಹೋಯಿತು.

"ದೊಡ್ಡದು ಮಾಡ್ಬೇಡಿ ಮೇಡಂ," ಟೋಪಿಯವನು ಕೈಮುಗಿದ. "ಇದು ನನ್ನೊಬ್ಬನ ಪ್ರಶ್ನೆ ಅಲ್ಲ. ತುಂಬಾ ಜನರ ಹೊಟ್ಟೆಪಾಡು."

ದೊಡ್ಡ ಸಂಸಾರವಿರಬೇಕು ಎಂದುಕೊಂಡಳು. ಅವಳ ಮನಸ್ಸು ಒಂದು ಗಳಿಗೆ ಕರಗಿತು. ಆದರೆ ಸುಳ್ಳು ಲೆಕ್ಕ ಬಯಲಾದರೆ ಕಾಯಂ ಕೆಲಸಕ್ಕೆ ಎಳ್ಳುನೀರು.

"ಬಿಟ್ಟುಬಿಡಿ ಮೇಡಂ," ಎಂದ ಕಾನ್‌ಸ್ಟೇಬಲ್, ತಣ್ಣಗಾಗುತ್ತಿದ್ದ ಚಹಾದ ಕಡೆ ನೋಡುತ್ತ. "ಆಮೇಲೆ ನಿಮಗೇ ಬೇಜಾರಾಗುತ್ತೆ."

"ಇವನು ಹೋದ್ರೆ ನಂಗ್ಯಾಕೆ ಬೇಜಾರು?" ಎಂದು ಅವಳು ಸೀದಾ ಕಚೇರಿಗೆ ನಡೆದಳು.

ಸಾಹೇಬರು ಎಲ್ಲವನ್ನೂ ಕೇಳಿ ಮೇಜು ಗುದ್ದಿದರು. "ನಾಳೆ ದೊಡ್ಡ ಸಾಹೇಬ್ರೇ ಬಂದು ನಿಂತು ನೋಡ್ತಾರಂತೆ. ಸರಿಯಾದ ಹೊತ್ತಿಗೆ ಹೇಳಿ ನಮ್ಮ ಮಾನ ಉಳಿಸಿದ್ರಿ ತಾಯಿ!" ಅಲ್ಲಿಂದಲೇ ಗುತ್ತಿಗೆದಾರನಿಗೆ ಫೋನ್ ಹಚ್ಚಿ ಹಿಗ್ಗಾಮುಗ್ಗಾ ಝಾಡಿಸಿದರು. ಕೂಲಿಗೆ ನಡೆಯುವವರ ನೆರಳೂ ನಾಳೆ ಅಲ್ಲಿ ಬೀಳಕೂಡದು, ಬಿದ್ದರೆ ಗುತ್ತಿಗೆಯ ಆಸೆ ಬಿಟ್ಟುಬಿಡು ಎಂದರು. ಆ ಕಡೆಯಿಂದ ಬಂದ ಉತ್ತರ ಕೇಳಿ ಅವರ ಮುಖ ಅರಳಿತು.

"ಹೆದರಿ ನಡುಗ್ತಿದಾನೆ. ಒಬ್ಬರೂ ಬರೋಲ್ಲ ಅಂತ ಮಾತು ಕೊಟ್ಟ."

ಅಂದು ಅವಳಿಗೆ ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ. ಪ್ರಾಮಾಣಿಕತೆಗೆ ಇಷ್ಟು ಬೇಗ ಫಲ ಸಿಗುತ್ತದೆಂದು ಅವಳು ಎಣಿಸಿರಲಿಲ್ಲ.

ಬೆಳಿಗ್ಗೆ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಕುರ್ಚಿ ಒರೆಸಿ, ಯಂತ್ರವನ್ನು ಸೊನ್ನೆಗೆ ತಂದು ಕೂತಳು. ದೊಡ್ಡ ಸಾಹೇಬರು ಕಾರಿಳಿದು ಕೊಡೆಯ ಕೆಳಗೆ ಬಂದು ನಿಂತರು. ಅವರ ಹಿಂದೆ ಸಾಹೇಬರು.

"ಎಲ್ಲಿ, ನೋಡೋಣಮ್ಮಾ ನಿಮ್ಮ ಪಾದಚಾರಿಗಳನ್ನ."

"ಈಗ ಬರ್ತಾರೆ ಸಾರ್," ಎಂದಳು ಎದೆಯುಬ್ಬಿಸಿ. "ಇವತ್ತಿಂದ ಬರೋರೆಲ್ಲ ಅಪ್ಪಟ ಜನ. ಒಂದೂ ಸುಳ್ಳು ಹೆಜ್ಜೆ ಇರೋಲ್ಲ."

ಹೆಬ್ಬೆರಳನ್ನು ಗುಂಡಿಯ ಮೇಲೆ ಸಿದ್ಧವಾಗಿಟ್ಟುಕೊಂಡಳು. ಹಸಿರು ಮನುಷ್ಯ ಬೆಳಗಿ ಆರಿದ. ಮತ್ತೆ ಬೆಳಗಿ ಆರಿದ.

ಬಿಸಿಲೇರಿ ಮಧ್ಯಾಹ್ನವಾದರೂ, ಆ ಜಂಕ್ಷನ್ ದಾಟಲು ಒಬ್ಬ ನರಪಿಳ್ಳೆಯೂ ಬರಲಿಲ್ಲ.