ಹಸಿ ಹಳದಿ ಗೆರೆ

ಅಮ್ಮ ಕಾರಿನ ಮುಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತು ಏನನ್ನೋ ತಿಕ್ಕುತ್ತಿದ್ದಳು. ಮಗ ಗೇಟು ತೆರೆದದ್ದೇ ತಡ, ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಎದ್ದು ನಿಂತಳು. ಪಕ್ಕದಲ್ಲಿ ಅಪ್ಪ, ಕದ್ದು ಸಿಕ್ಕಿಬಿದ್ದವರ ಹಾಗೆ ಆಕಾಶ ನೋಡುತ್ತಿದ್ದರು. ಅವರಿಗೆ ಆಕಾಶ ಕಾಣುವುದೂ ಅಷ್ಟಕ್ಕಷ್ಟೆ.

ಮಗ ಬಗ್ಗಿ ನೋಡಬೇಕಾಗಿರಲಿಲ್ಲ. ಕಾರಿಗೆ ಮೆತ್ತಿದ್ದ ಅದೇ ಹಳದಿ ಬಣ್ಣ ಅವನ ಉಗುರಿನ ಸಂದಿಯಲ್ಲೂ ಇತ್ತು. ರಸ್ತೆಗೆ ಗೆರೆ ಎಳೆಯುವುದು ಅವನ ಕೆಲಸ. ಬೆಳಿಗ್ಗೆ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಗೆರೆ ಎಳೆದು, ಯಂತ್ರಕ್ಕೆ ಬಣ್ಣ ತರಲೆಂದು ಅತ್ತ ಹೋಗಿದ್ದ. ಬರುವಷ್ಟರಲ್ಲಿ ಯಾವುದೋ ಕಾರು ಬಣ್ಣದ ಡಬ್ಬ ಉರುಳಿಸಿ, ಹಸಿ ಗೆರೆಯನ್ನು ಸೊಟ್ಟಸೊಟ್ಟಗೆ ತುಳಿದು ಹೋಗಿತ್ತು. ಬಾವುಟ ಹಿಡಿದು ನಿಂತಿದ್ದವನನ್ನು ಕೇಳಿದರೆ, ಒಳಗೊಬ್ಬ ಮುದುಕ ಕೂತಿದ್ದು ಕಂಡಿತು, ಅಷ್ಟೇ ಎಂದ. ಮೇಸ್ತ್ರಿ ಎಲ್ಲರಿಗೂ ಸೇರಿಸಿ ಮಂಗಳಾರತಿ ಎತ್ತಿದ. ಇಡೀ ಬೀದಿಯ ಕೆಲಸ ನಾಳೆ ಮತ್ತೆ ಮೊದಲಿನಿಂದ.

ಆ ಮುದುಕನಿಗೆ ಮಗನೂ ಮನಸಾರೆ ಶಾಪ ಹಾಕಿದ್ದ.

"ಮಾರ್ಕೆಟ್ ಹಿಂದುಗಡೆ ಹೋಗಿದ್ರಾ?" ಎಂದು ಅಪ್ಪನನ್ನು ಕೇಳಿದ. ಕೂಗಾಡಲು ಮೈಯಲ್ಲಿ ಕಸುವಿರಲಿಲ್ಲ.

"ತಪ್ಪು ನನ್ನದೇ. ತಿರುವು ಬಂದಿದ್ದು ನಂಗೆ ಗೊತ್ತಾಗ್ಲಿಲ್ಲ," ಎಂದರು ಅಪ್ಪ.

ಅಮ್ಮ ಏನೋ ಹೇಳಲು ಬಾಯಿ ತೆರೆದಳು. ಅಪ್ಪ ಕೆಮ್ಮಿದರು. ಅವಳು ಬಾಯಿ ಮುಚ್ಚಿಕೊಂಡಳು. ಮದುವೆಯಾದಾಗಿನಿಂದ ಗಂಡನ ತಪ್ಪಿಗೆಲ್ಲ ತೇಪೆ ಹಾಕಿಕೊಂಡು ಬಂದವಳು, ಇನ್ನೇನು ಮಾಡಿಯಾಳು ಎಂದುಕೊಂಡ ಮಗ.

ಅವನಿಗೆ ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು. ಗೆರೆ ಎಳೆಯುವವರು ರಸ್ತೆಯಲ್ಲೇ ಕೂತು ಕೆಲಸ ಮಾಡುವವರು. ಡಬ್ಬ ಇದ್ದ ಜಾಗದಲ್ಲಿ ಒಬ್ಬ ಮನುಷ್ಯ ಇರಬಹುದಿತ್ತು. ಕಾರು ಮುಟ್ಟಬೇಡಿ ಎಂದು ಕಣ್ಣಿನ ಡಾಕ್ಟರು ಯಾವತ್ತೋ ಹೇಳಿಯಾಗಿತ್ತು. ಉಳಿದಿರುವ ದೃಷ್ಟಿಯಾದರೂ ನಿಲ್ಲಬೇಕೆಂದರೆ ತಿಂಗಳು ತಿಂಗಳು ಕಣ್ಣಿಗೆ ಇಂಜೆಕ್ಷನ್ ಆಗಬೇಕು, ಒಂದು ತಪ್ಪಿದರೂ ಜವಾಬ್ದಾರಿ ನಮ್ಮದಲ್ಲ ಎಂದೂ ಹೇಳಿದ್ದರು. ಆಸ್ಪತ್ರೆ ಊರಾಚೆ. ಬಸ್ಸಿನ ಮೆಟ್ಟಿಲು ತಪ್ಪಿ ಅಪ್ಪ ಒಮ್ಮೆ ಬಿದ್ದ ಮೇಲೆ ಮಗನೇ ರಜೆ ಹಾಕಿ ಕಾರಿನಲ್ಲಿ ಕರೆದೊಯ್ಯುತ್ತಿದ್ದ. ಹೋದ ಸಲ ಮೇಸ್ತ್ರಿ, ಇನ್ನೊಂದು ರಜೆ ಕೇಳಿದರೆ ಮನೆಯಲ್ಲೇ ಇದ್ದುಬಿಡು ಎಂದಿದ್ದ. ನಾಳೆ ಮತ್ತೆ ಇಂಜೆಕ್ಷನ್ ದಿನ. ಹೇಗಾದರೂ ಕಾಡಿಬೇಡಿ ಕೇಳೋಣ ಎಂದುಕೊಂಡಿದ್ದ. ಇವತ್ತಿನ ರಾದ್ಧಾಂತದ ಮೇಲೆ ಯಾವ ಮುಖ ಇಟ್ಟುಕೊಂಡು ಕೇಳುವುದು?

ಅಮ್ಮನ ಸೋಪಿನ ನೀರಿಗೆ ಜಗ್ಗುವ ಬಣ್ಣವಲ್ಲ ಅದು. ಥಿನ್ನರ್ ಸುರಿದರೆ ಕಾರಿನ ಸ್ವಂತ ಬಣ್ಣವೂ ಜೊತೆಗೇ ಎದ್ದು ಬರುತ್ತದೆ. ಮಗ ಅಡುಗೆ ಎಣ್ಣೆ ಕೇಳಿ ಪಡೆದು, ಹಳದಿಯ ಮೇಲೆಲ್ಲ ಧಾರಾಳವಾಗಿ ಬಳಿದು, ನೆನೆಯಲು ಬಿಟ್ಟು ಮೆಟ್ಟಿಲ ಮೇಲೆ ಕೂತ. ಕೂತಲ್ಲೇ ಎರಡು ಸಲ ತೂಕಡಿಸಿದ. ದಿನವೆಲ್ಲ ಬಣ್ಣ ಹಚ್ಚುವುದು, ಮನೆಗೆ ಬಂದು ಬಣ್ಣ ಕೆರೆಯುವುದು. ಇಂಥ ಹಣೆಬರಹ ಬರೆದವನಿಗೂ ಬೇರೆ ಕೆಲಸ ಇರಲಿಲ್ಲವೇನೋ.

ಎದ್ದು ಪ್ಲಾಸ್ಟಿಕ್ ಅಳತೆಪಟ್ಟಿಯ ಅಂಚಿನಿಂದ ಮೆಲ್ಲಗೆ ಕೆರೆದ. ಬಾಗಿಲಿನದು ಸಿಪ್ಪೆಸಿಪ್ಪೆಯಾಗಿ ಎದ್ದಿತು. ಚಕ್ರದ ಹಿಂದಿನದಕ್ಕೆ ಕೈ ಹೋಗಲಿಲ್ಲ. ಚಕ್ರ ತಿರುಗಿಸೋಣವೆಂದು ಒಳಗೆ ಕೂತರೆ, ಮೊಣಕಾಲು ಸ್ಟೀರಿಂಗಿಗೆ ಬಡಿಯಿತು. ಸೀಟು ಪೂರ್ತಿ ಮುಂದಕ್ಕೆ ಬಂದಿತ್ತು. ಮೇಲೊಂದು ದಪ್ಪ ದಿಂಬು ಬೇರೆ.

ಪಾಪ, ಅಪ್ಪ ಗಾಜಿಗೆ ಮೂಗು ತಾಗಿಸಿಕೊಂಡು ಓಡಿಸಿದ್ದಾರೆ. ಎಷ್ಟು ಮಬ್ಬಾಗಿರಬೇಕು ಆ ಕಣ್ಣು. ಬೈಯಬೇಕೆಂದಿದ್ದ ನಾಲ್ಕು ಮಾತನ್ನೂ ಮಗ ಬಿಟ್ಟುಬಿಟ್ಟ.

ಕೆಲಸ ಮುಗಿಸಿ, ಕೈ ತೊಳೆದು, ಕಾರಿನ ಕೀಲಿಯನ್ನು ಅಮ್ಮನ ಅಂಗೈಯಲ್ಲಿಟ್ಟ.

"ಇದು ನಿನ್ನ ಹತ್ರಾನೇ ಇರ್ಲಿ. ಅಪ್ಪ ಎಷ್ಟೇ ಕೇಳಿದ್ರೂ ಕೊಡ್ಬೇಡ."

ಅಮ್ಮ ಕೀಲಿಯನ್ನು ಬಿಗಿಯಾಗಿ ಹಿಡಿದುಕೊಂಡಳು. "ಅವರು ಆ ಸೀಟಲ್ಲಿ ಕೂರಲ್ಲ ಕಣೋ. ಅದಕ್ಕೆ ನಾನು ಹೊಣೆ."

ನಾಳೆ ರಜೆ ಸಿಗುವುದಿಲ್ಲ, ಇಂಜೆಕ್ಷನ್ ಮುಂದೆ ಹಾಕಬೇಕಾಗುತ್ತದೆ ಎಂದು ಮಗ ಊಟಕ್ಕೆ ಕೂತಾಗ ತಲೆ ತಗ್ಗಿಸಿ ಹೇಳಿದ. ನಿನ್ನ ಕೆಲಸ ನೀನು ನೋಡಿಕೋ, ನಾಳೆಯದು ನಾಳೆಗೆ ಎಂದು ಅಮ್ಮ ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು. ಅವನಿಗೆ ಅನ್ನ ಇಳಿಯಲಿಲ್ಲ. ತಂದೆಯ ಕಣ್ಣನ್ನು ಹೊಟ್ಟೆಪಾಡಿಗೆ ಒತ್ತೆ ಇಟ್ಟಂತೆ ಅನಿಸುತ್ತಿತ್ತು.

ಮರುದಿನ ಅದೇ ಬೀದಿ, ಅದೇ ಗೆರೆ. ಮೇಸ್ತ್ರಿ ಈ ಸಲ ಬಾವುಟವನ್ನು ಅವನ ಕೈಗೇ ಕೊಟ್ಟಿದ್ದ. ಇನ್ನೊಂದು ಚಕ್ರ ಗೆರೆ ತುಳಿದರೆ ನಿನ್ನ ಲೆಕ್ಕ ಚುಕ್ತಾ ಎಂಬ ಮಾತನ್ನೂ ಸೇರಿಸಿ.

ಬಿಸಿಲೇರುವ ಹೊತ್ತಿಗೆ ತಿರುವಿನಲ್ಲಿ ಒಂದು ಕಾರು ಕಾಣಿಸಿತು. ಇರುವೆ ಹರಿದಂತೆ ಬರುತ್ತಿತ್ತು. ಅದು ತಮ್ಮದೇ ಎಂದು ಮಗನಿಗೆ ಗುರುತು ಸಿಕ್ಕಿತು. ಅಪ್ಪ ಅಮ್ಮನನ್ನು ಪುಸಲಾಯಿಸಿ ಕೀಲಿ ಇಸಿದುಕೊಂಡಿದ್ದಾರೆ. ಬಾವುಟ ಬೀಸುತ್ತ ಅಡ್ಡ ಓಡಿದ. ಕಾರು ನಿಲ್ಲಲಿಲ್ಲ. ಆದರೆ ಗೆರೆಯಿಂದ ಮೊಳ ದೂರ ಕಾಯ್ದುಕೊಂಡು, ನೆಟ್ಟಗೆ ಬಂತು. ಅವನೇ ಪಕ್ಕಕ್ಕೆ ಸರಿದು, ತೆರೆದ ಕಿಟಕಿಗೆ ಮುಖವಿಟ್ಟು ಜೊತೆಜೊತೆಗೇ ಹೆಜ್ಜೆ ಹಾಕಿದ.

ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು, ಕೈಕಟ್ಟಿ, ಪಕ್ಕದ ಸೀಟಿನಲ್ಲಿ ಕೂತಿದ್ದರು. ಕಿವಿ ಪೂರ್ತಿ ಎಂಜಿನ್ನಿನ ಕಡೆಗಿತ್ತು. "ನರಳ್ತಾ ಇದೆ, ಗೇರ್ ಇಳಿಸು," ಎಂದರು.

ಗೇರ್ ಇಳಿಸಿದ ಅಮ್ಮ, ರಸ್ತೆಯಿಂದ ಕಣ್ಣು ಕೀಳದೆ ಮಗನಿಗೆ ಹೇಳಿದಳು: "ಆಸ್ಪತ್ರೆಗೆ ಹೊತ್ತಾಗತ್ತೆ, ದಾರಿ ಬಿಡಪ್ಪ. ನಿಲ್ಸಿದ್ರೆ ಮತ್ತೆ ಹೊರಡ್ಸೋದು ನಂಗಿನ್ನೂ ಸರಿಯಾಗಿ ಬರಲ್ಲ."